ಚೀಲದೊಳಗಿನ ಮರಿ

ಅಕ್ಕನ ಮಗ ಮೆಲ್ಬರ್ನ್‌ನಿಂದ ಬರುವಾಗ ಹಳೆಯ ಪ್ರಾಣಿಚಿತ್ರಗಳ ಕ್ಯಾಲೆಂಡರ್ ತಂದುಕೊಟ್ಟ. ಈಗ ನಮ್ಮ ಅಡುಗೆಮನೆಯ ಗೋಡೆಯಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲೇ, ಕಾಂಗರೂಗಳು ಕೂತಿವೆ. ಜಾನ್ ಗೂಲ್ಡ್ ಎಂಬಾತ 1845ರಿಂದ 1863ರವರೆಗೆ ಹೊರತಂದ ಆಸ್ಟ್ರೇಲಿಯದ ಸಸ್ತನಿಗಳ ಮೂರು ಸಂಪುಟಗಳಲ್ಲಿ ಇಂಥ 182 ಚಿತ್ರಗಳಿವೆ. ಕಲ್ಲಿನ ಮೇಲೆ ಬರೆದು, ಅಚ್ಚೊತ್ತಿ, ಒಂದೊಂದಕ್ಕೂ ಕೈಯಿಂದಲೇ ಬಣ್ಣ ತುಂಬಿದ್ದು. ತುಪ್ಪಳ ಎಷ್ಟು ನವಿರೆಂದರೆ ಸವರೋಣ ಎನಿಸುತ್ತದೆ. ಬೆನ್ನ ಮೇಲೆ ಪಟ್ಟೆಯಿರುವ ಥೈಲಸೀನ್ ಮಾತ್ರ ಇನ್ನು ಚಿತ್ರದಲ್ಲಷ್ಟೇ. ತಿಳಿದಿರುವಂತೆ ಕೊನೆಯದು 1936ರಲ್ಲಿ ಹೋಬರ್ಟ್‌ನ ಮೃಗಾಲಯದಲ್ಲಿ ಸತ್ತಿತು.

ಕ್ಯಾಲೆಂಡರನ್ನು ತರಗತಿಗೂ ಒಯ್ದಿದ್ದೆ. “ಮೇಡಂ, ಅಮ್ಮ ಎಲ್ಲಿಗೆ ಹೋದ್ರೂ ಮರೀನ ಕರಕೊಂಡೇ ಹೋಗ್ತಾಳಾ?” ಎಂದಳೊಬ್ಬ ಹುಡುಗಿ. ಹೂಂ ಎಂದೆ. ಗಂಟಲು ಕಟ್ಟಿತು.

ಗೂಲ್ಡನ ಹೆಂಡತಿ ಎಲಿಜಬೆತ್ ಅವನ ಪುಸ್ತಕಗಳಿಗೆ ಹಕ್ಕಿಗಳ ಚಿತ್ರ ಬರೆಯುತ್ತಿದ್ದಳು. 1838ರಲ್ಲಿ ಅವಳು ಆಸ್ಟ್ರೇಲಿಯದ ಹಡಗು ಹತ್ತಿದಾಗ ಕಿರಿಯ ಮೂರು ಮಕ್ಕಳನ್ನು ತಾಯಿಯ ಬಳಿ ಬಿಟ್ಟಿದ್ದಳು. 1840ರಲ್ಲಿ ಹಿಂತಿರುಗಿದಳು. ಮರುವರ್ಷವೇ, 37ರ ವಯಸ್ಸಿಗೆ, ಬಾಣಂತನದಲ್ಲಿ ತೀರಿಕೊಂಡಳು. ಸಸ್ತನಿಗಳ ಪುಸ್ತಕವನ್ನು ಅವಳು ನೋಡಲೇ ಇಲ್ಲ.

ನಾನೂ ಬಿ.ಎಡ್. ಓದಲು ಹೋದಾಗ ಒಂದೂವರೆ ವರ್ಷದ ಮಗಳನ್ನು ಅಮ್ಮನ ಮಡಿಲಿಗೆ ಹಾಕಿದ್ದೆ. ತಿಂಗಳಿಗೊಮ್ಮೆ ಬಂದರೆ ಮಗು ಅಮ್ಮನ ಸೆರಗಿನ ಹಿಂದೆ ಅಡಗುತ್ತಿತ್ತು. ನೌಕರಿ ಸಿಕ್ಕಿತು, ಮನೆ ನಿಂತಿತು; ಆ ಕೊರಗು ಮಾತ್ರ ಹೋಗಲಿಲ್ಲ. ಮೊನ್ನೆ ಮೊದಲ ಸಲ ಮಗಳೆದುರು ಬಾಯಿಬಿಟ್ಟೆ.

“ಅಜ್ಜೀನೂ ಚೀಲಾನೇ ಅಲ್ವೇನಮ್ಮಾ?” ಎಂದು ನಕ್ಕಳು.

ನನಗೆ ನಗು ಬರಲಿಲ್ಲ. ಆದರೆ ಅಂದು ರಾತ್ರಿ ಒಳ್ಳೆಯ ನಿದ್ದೆ ಬಂತು.