ಎರಡು ಕೊಡ ನೀರು

ಚಳ್ಳಕೆರೆ ತಾಲೂಕಿನ ವರವು ಕಾವಲು ಎಂಬ ಹುಲ್ಲುಗಾವಲಿನ ಮಗ್ಗುಲಲ್ಲೇ ನನ್ನಕ್ಕನ ಹಳ್ಳಿ. ಎಲೆಕ್ಟ್ರಿಕ್ ಕಾರು ಕೊಂಡ ಹೊಸದರಲ್ಲಿ, ಏಪ್ರಿಲ್ ತಿಂಗಳ ಒಂದು ಶನಿವಾರ, ಬೆಂಗಳೂರಿನಿಂದ ಸುಮಾರು 200 ಕಿಲೋಮೀಟರ್ ಓಡಿಸಿಕೊಂಡು ಅಲ್ಲಿಗೆ ಹೋದೆ. ಅಂಗಳ ಮುಟ್ಟುವಾಗ ಬ್ಯಾಟರಿಯಲ್ಲಿ ಐದರಲ್ಲೊಂದು ಪಾಲು ಉಳಿದಿತ್ತು. ನನಗೇನೂ ಚಿಂತೆಯಿರಲಿಲ್ಲ. ಕಾರಿನ ಜೊತೆ ಕೊಟ್ಟ ಚಾರ್ಜಿಂಗ್ ಕೇಬಲ್ ಡಿಕ್ಕಿಯಲ್ಲಿತ್ತು. ಮೂರು ಪಿನ್ನಿನ ದೊಡ್ಡ ಪ್ಲಗ್ಗು ಸಿಗುವ ಮನೆಯಿದ್ದರೆ ಸಾಕು ಎಂದು ನಂಬಿದ್ದೆ.

ಅಕ್ಕನ ಮನೆಯಲ್ಲಿ ಅಂಥದ್ದು ಇದ್ದದ್ದು ಒಂದೇ, ಅಡುಗೆಮನೆಯಲ್ಲಿ, ಗ್ರೈಂಡರಿಗೆಂದು ಹಾಕಿಸಿದ್ದು. ಕೇಬಲ್ ಅಷ್ಟು ದೂರ ಎಟುಕಲಿಲ್ಲ. ಅಟ್ಟದ ಮೇಲಿದ್ದ ಎಕ್ಸ್‌ಟೆನ್ಷನ್ ಬಾಕ್ಸ್ ಇಳಿಸಿ ಜೋಡಿಸಿದೆ. ಚಾರ್ಜರಿನ ಡಬ್ಬಿಯಲ್ಲಿ ಕೆಂಪು ದೀಪ ಹೊತ್ತಿತು. ಅರ್ತಿಂಗ್ ಸರಿಯಿಲ್ಲ ಎಂಬ ಸೂಚನೆ. ಒಂದೆರಡು ಸಲ ಕಿತ್ತು ಹಾಕಿದರೂ ಕೆಂಪೇ.

ಕಟ್ಟೆಯ ಮೇಲೆ ಕೂತು ನೋಡುತ್ತಿದ್ದ ಭಾವನ ತಂದೆ, ನಾವೆಲ್ಲ ತಾತ ಎನ್ನುವವರು, ಹೇಳಿದರು: “ನೆಲ ಒಣಗೈತೆ ಕಣಪ್ಪ. ಮೀಟ್ರು ಪಕ್ಕದ ಗುಂಡಿಗೆ ಎರಡು ಕೊಡ ನೀರು ಹಾಕು.” ಹಾಕಿದೆ. ಸ್ವಲ್ಪ ಹೊತ್ತಿಗೆ ದೀಪ ಹಸಿರಾಯಿತು. ರಾಜ್ಯದಲ್ಲೇ ಮಳೆ ಕಡಿಮೆ ಬೀಳುವ ತಾಲೂಕುಗಳಲ್ಲಿ ಚಳ್ಳಕೆರೆಯೂ ಒಂದು. ಬೇಸಿಗೆಯಲ್ಲಿ ಇದ್ದಿಲು, ಉಪ್ಪು ತುಂಬಿದ ಅರ್ತಿಂಗ್ ಗುಂಡಿಯೂ ಬತ್ತುತ್ತದೆ, ಒಣಮಣ್ಣು ಕರೆಂಟನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಆ ಹೊತ್ತಿಗೆ ನನಗೆ ನೀರು ಹಾಕಿದ್ದು ಒಂದು ಉಪಾಯವಾಗಿ ಮಾತ್ರ ಕಂಡಿತು. ಉಳಿದ ವೈರನ್ನು ಯಾರೂ ಎಡವದಿರಲಿ ಎಂದು ಸಿಂಬೆಯಂತೆ ಸುತ್ತಿ, ಬಾಗಿಲ ಮೂಲೆಯಲ್ಲಿಟ್ಟು, ಮೇಲೊಂದು ಗೋಣಿಚೀಲ ಮುಚ್ಚಿ ಮಲಗಿದೆ.

ನಡುರಾತ್ರಿ ಅಕ್ಕ ಎಬ್ಬಿಸಿದಳು. ಮನೆ ತುಂಬ ಸುಟ್ಟ ವಾಸನೆ. ಚೀಲದಡಿಯ ವೈರು ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಂಡಿತ್ತು, ಅಡುಗೆಮನೆಯ ಪ್ಲಗ್ಗು ಕರಗಿ ಗೋಡೆಯೆಲ್ಲ ಮಸಿ. ಭಾವ ಓಡಿಹೋಗಿ ಮೇನ್ ಸ್ವಿಚ್ ಇಳಿಸಿದರು. ಪರೀಕ್ಷೆಗೆ ಓದುತ್ತಿದ್ದ ಅಕ್ಕನ ಮಗಳು ಪುಸ್ತಕ ಮುಚ್ಚಿಕೊಂಡು ಕತ್ತಲಲ್ಲಿ ಕೂತಳು. ಯಾರೂ ನನ್ನನ್ನು ಒಂದು ಮಾತು ಅನ್ನಲಿಲ್ಲ. ಬೆಳಿಗ್ಗೆ ಅಕ್ಕ ಒರಳು ತೊಳೆದು, ಕೈಯಲ್ಲೇ ಚಟ್ನಿ ರುಬ್ಬಿ, ನನಗೇ ಮೊದಲು ಬಡಿಸಿದಳು. ಆ ತುತ್ತು ಗಂಟಲಲ್ಲಿ ಇಳಿಯಲಿಲ್ಲ. ಆ ಗೋಣಿಚೀಲ ಹೊತ್ತಿಕೊಂಡಿದ್ದರೆ ಎಂದು ನೆನೆದರೆ ಇವತ್ತಿಗೂ ಮೈ ನಡುಗುತ್ತದೆ.

ಚಳ್ಳಕೆರೆಯಿಂದ ಬಂದ ವೈರ್‌ಮನ್ ಸುಟ್ಟ ಬಾಕ್ಸನ್ನು ತಿರುಗಿಸಿ ತೋರಿಸಿದ. ಬುಡದಲ್ಲಿ 10 ಆಂಪಿಯರ್ ಎಂದು ಅಚ್ಚಾಗಿತ್ತು. ನನ್ನ ಕಾರು ಎಳೆಯುವುದು ಸುಮಾರು 15. “ಗ್ರೈಂಡರ್ ಅರ್ಧ ಗಂಟೆ ತಿರುಗಿ ನಿಲ್ತದೆ ಸಾರ್, ನಿಮ್ಮ ಗಾಡಿ ರಾತ್ರಿಯೆಲ್ಲ ಎಳೀತದೆ” ಎಂದ. ಕರೆಂಟು ಒಂದೂವರೆ ಪಟ್ಟಾದರೆ ವೈರಿನ ಕಾವು ಎರಡು ಪಟ್ಟಿಗೂ ಮೀರುತ್ತದೆ, ಸುತ್ತಿಟ್ಟರೆ ಆ ಕಾವಿಗೆ ಹೊರಬರಲು ದಾರಿಯೂ ಇಲ್ಲ. ಎಕ್ಸ್‌ಟೆನ್ಷನ್ ಬಳಸಬೇಡಿ ಎಂದು ಕಾರಿನ ಕೈಪಿಡಿಯಲ್ಲೇ ಇತ್ತು. ನಾನು ಓದಿರಲಿಲ್ಲ. ನನ್ನ ಖರ್ಚಿನಲ್ಲಿ ಮೀಟರಿನಿಂದ ಅಂಗಳಕ್ಕೆ 4 ಚದರ ಮಿಲಿಮೀಟರಿನ ತಾಮ್ರದ ಬೇರೆ ಲೈನು, ಅದಕ್ಕೆ ಕರೆಂಟು ಮಿತಿ ಮೀರಿದರೆ ಕಡಿಯುವ ಒಂದು ಎಂಸಿಬಿ, ಸೋರಿದರೆ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿದೆ.

ಸಂಜೆ ತಾತನ ಜೊತೆ ಕಾವಲಿನ ಕಡೆ ನಡೆದೆ. ಮೈಸೂರು ಅರಸರು ಅಮೃತಮಹಲ್ ದನಗಳಿಗೆಂದು ಕಾದಿಟ್ಟ ಹುಲ್ಲುಗಾವಲುಗಳ ಸಾಲಿನದು ಇದು. ಇಲ್ಲೇ 2017ರಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ವಿಮಾನ ಪರೀಕ್ಷಾ ವಲಯದ ಉದ್ಘಾಟನೆಯಾಯಿತು. ತಾತ ಕುರಿ ಕಾಯುತ್ತಿದ್ದ ಜಾಗದಲ್ಲಿ ಈಗ ಗೋಡೆಯಿದೆ. ಅರಸರ ಕಾಲದಲ್ಲಿ ಬೇಸಿಗೆಗೊಂದು, ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು ಎಂದು ಕಾವಲುಗಳನ್ನು ವಿಂಗಡಿಸಿದ್ದರು. ಹುಲ್ಲು ಎಷ್ಟಿದೆಯೋ ನೋಡಿ ಮಂದೆಯನ್ನು ಹೊಡೆಯುತ್ತಿದ್ದರು.

ನಾನು ಮಾತ್ರ ನನಗೆಷ್ಟು ಬೇಕೆಂದು ಲೆಕ್ಕ ಹಾಕಿದ್ದೆ. ಆ ಮನೆ ಎಷ್ಟು ತಾಳುತ್ತದೆಂದು ಕೇಳಿರಲಿಲ್ಲ. ತಮ್ಮ ಬಂದನೆಂಬ ಸಂತೋಷಕ್ಕೆ ಅಕ್ಕ ಇಲ್ಲವೆನ್ನುವವಳಲ್ಲ. ಇಲ್ಲವೆನ್ನಲಾರದವರ ಹತ್ತಿರ ಕೇಳುವವನೇ ಅಳತೆ ತಿಳಿದಿರಬೇಕು.

ಈಗಲೂ ಹೋಗುತ್ತಿರುತ್ತೇನೆ. ಡಿಕ್ಕಿ ತೆಗೆಯುವ ಮೊದಲು ತೊಟ್ಟಿಯಿಂದ ಎರಡು ಕೊಡ ನೀರು ತಂದು ಗುಂಡಿಗೆ ಸುರಿದು, ಮಣ್ಣು ಅದನ್ನು ಕುಡಿದು ಮುಗಿಸುವವರೆಗೆ ನಿಂತಿರುತ್ತೇನೆ. ಆಮೇಲೆ ಅಡುಗೆಮನೆಯ ಬಾಗಿಲಿಗೆ ಹೋಗಿ ಕೇಳುತ್ತೇನೆ: “ಅಕ್ಕಾ, ಹಾಕಲಾ?”