ಮನೆಗೆ ಮರಳಬೇಕಾದ ಕಾರು

ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತ್ಯದ ಬೇಕರ್ಸ್‌ಫೀಲ್ಡ್ ಪಟ್ಟಣದಲ್ಲಿ ಒಂದು ಶುಕ್ರವಾರ ರಾತ್ರಿ, ಊಟ ಮುಗಿದ ಮೇಲೆ, ತರುಣನೊಬ್ಬನು ತನ್ನ ಕಾರಿನ ಡಿಕ್ಕಿಯನ್ನು ಬರಿದುಮಾಡುತ್ತಿದ್ದನು. ಸ್ಟೆಪ್ನಿ ಹೊರಬಂದಿತು, ಜಾಕು ಬಂದಿತು, ತಂದೆ ಬದುಕಿದ್ದಾಗ ಕೊಂಡಿಟ್ಟಿದ್ದ ಹಗ್ಗ, ಕಡ್ಡಿ ಮುರಿದ ಕೊಡೆ, ಒಂದು ಜೊತೆ ಹಳೆಯ ಬೂಟು, ಎಲ್ಲವೂ ಬಂದವು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ತಾಯಿ ಬೂಟುಗಳನ್ನು ಮಾತ್ರ ತಾನೇ ಎತ್ತಿಕೊಂಡು ಒಳಗೆ ಹೋದಳು.

ಕಾರು 1995ರ ಫೋರ್ಡ್ ಮಸ್ಟಾಂಗ್. ಎಂಟು ಸಿಲಿಂಡರಿನ ಎಂಜಿನ್, 215 ಅಶ್ವಶಕ್ತಿ. ತಂದೆ ತೀರಿಕೊಂಡ ಮೇಲೆ ಮಗನ ಪಾಲಿಗೆ ಬಂದ ಆಸ್ತಿ ಅದೊಂದೇ. ಸೋಮವಾರ ಮುಂಜಾನೆ ಅವನನ್ನು ಕೆಲಸಕ್ಕೆ ಕರೆದೊಯ್ಯಬೇಕಾದುದೂ ಅದೇ. ಮನೆಯಲ್ಲಿ ಇನ್ನೊಂದು ಕಾರಿರಲಿಲ್ಲ. ಜೊತೆಗಾರರು ನಡುರಾತ್ರಿ ನಿರ್ಜನ ರಸ್ತೆಯೊಂದರಲ್ಲಿ ಪಂದ್ಯಕ್ಕೆ ಕರೆದಿದ್ದರು. ಆ ಮಾತು ತಾಯಿಯ ಕಿವಿಗೆ ಬಿದ್ದಿತು. “ಓಡಿಸಲೇಬೇಕೆಂದಿದ್ದರೆ ಓಡಿಸುವ ಜಾಗದಲ್ಲಿ ಓಡಿಸು. ಹೋದ ಕಾರಿನಲ್ಲೇ ಮನೆಗೆ ಬಾ” ಎಂದಷ್ಟೇ ಅವಳು ಹೇಳಿದ್ದಳು.

ಓಡಿಸುವ ಜಾಗಗಳು ಹುಟ್ಟಿದ್ದು ಇಂತಹ ದಿಗಿಲಿನಿಂದಲೇ ಎನ್ನಬಹುದು. ಎರಡನೆಯ ಮಹಾಯುದ್ಧದ ತರುವಾಯ ಹುಡುಗರು ಊರ ಬೀದಿಗಳಲ್ಲಿಯೇ ಕಾರುಗಳನ್ನು ಪಂದ್ಯಕ್ಕೆ ಬಿಡುತ್ತಿದ್ದರು. 1950ರಲ್ಲಿ ಸಾಂತಾ ಆನಾದ ವಿಮಾನ ನಿಲ್ದಾಣದಲ್ಲಿ, ಹಣ ತೆತ್ತು ಓಡಿಸುವ ಏರ್ಪಾಡು ಆಯಿತು. ಮರುವರ್ಷ ವಾಲಿ ಪಾರ್ಕ್ಸ್ ಎಂಬಾತ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಸ್ಥಾಪಿಸಿ ಆಟಕ್ಕೆ ಕಟ್ಟುಪಾಡು ತಂದನು. ಬೇಕರ್ಸ್‌ಫೀಲ್ಡಿನ ಉತ್ತರಕ್ಕಿರುವ ಫಮೋಸೊ ಪಟ್ಟಿಯೂ ಯುದ್ಧಕಾಲದ ವಿಮಾನಗಳ ದಾರಿಯೇ. ಈಗ ಸುತ್ತಲೂ ಬಾದಾಮಿ ತೋಟ. ಉದ್ದ 1320 ಅಡಿ, ಅಂದರೆ ಕಾಲು ಮೈಲಿ. ತಿರುವಿಲ್ಲ, ಏರಿಲ್ಲ. ಎರಡು ಕಾರುಗಳು ಪಕ್ಕಪಕ್ಕದಲ್ಲಿ ನಿಂತು ನೇರವಾಗಿ ಓಡುತ್ತವೆ. ಡ್ರ್ಯಾಗ್ ಪಂದ್ಯವೆಂದರೆ ಇಷ್ಟೇ.

ಇಷ್ಟಕ್ಕೆ ಸಿದ್ಧತೆ ಏನೆಂದು ಕೇಳಬಹುದು. ಹೊಸ ಭಾಗಗಳನ್ನು ಕೊಂಡು ಜೋಡಿಸುವುದೆಂದೇ ಅವನೂ ಎಣಿಸಿದ್ದನು. ಆದರೆ ಮೊದಲ ಓಟಕ್ಕೆ ಸೇರಿಸುವುದಕ್ಕಿಂತ ತೆಗೆಯುವುದು, ಬಿಗಿಯುವುದು, ನೋಡುವುದೇ ಹೆಚ್ಚು. ಚಕ್ರದ ನಟ್ಟುಗಳನ್ನು ಒಂದಕ್ಕೊಂದು ಎದುರುಬದುರಾಗಿ ಬಿಗಿದನು. ಕಾರು ಚಿಮ್ಮಿದಾಗ ಬ್ಯಾಟರಿ ಹಿಂದಕ್ಕೆ ಜಾರದಂತೆ ಅದರ ಪಟ್ಟಿಯನ್ನು ಎಳೆದು ನೋಡಿದನು. ರೇಡಿಯೇಟರಿನಿಂದ ಉಕ್ಕಿದ ನೀರನ್ನು ಹಿಡಿಯುವ ಡಬ್ಬಿ ಬಿರುಕು ಬಿಟ್ಟಿತ್ತು, ಬೇರೆ ಹಾಕಿದನು. ಒಬ್ಬನ ಕಾರು ಸೋರಿದರೆ ಹಿಂದೆ ಬರುವವನ ಚಕ್ರ ಜಾರುತ್ತದೆ. ಈ ಆಟದ ಅರ್ಧ ನಿಯಮಗಳು ತನಗಾಗಿ ಅಲ್ಲ, ಪರರಿಗಾಗಿ.

ಬ್ರೇಕಿಗೆ ಅವನು ಒಂದು ಗಂಟೆ ಕೊಟ್ಟನು. ಓಡಿಸುವ ಹುರುಪಿನವರಿಗೆ ನಿಲ್ಲಿಸುವ ಯೋಚನೆ ತಡವಾಗಿ ಬರುವುದು ಲೋಕರೂಢಿ. ಇವನಿಗೆ ಮೊದಲೇ ಬಂದುದು ತಾಯಿಯ ಪುಣ್ಯ.

ಶನಿವಾರ ಫಮೋಸೊದಲ್ಲಿ ಪರೀಕ್ಷಕನೊಬ್ಬನು ಬಾನೆಟ್ಟಿನ ಕೆಳಗೆ ನೋಡಿ, ನಟ್ಟುಗಳನ್ನು ಮುಟ್ಟಿ, ಸೀಟಿನ ಪಟ್ಟಿಯನ್ನು ಜಗ್ಗಿ, ಕೊನೆಗೆ ಚಾಲಕನ ಸೀಟಿನಡಿ ಕೈಹಾಕಿದನು. ಒಂದು ನೀರಿನ ಬಾಟಲಿ ಸಿಕ್ಕಿತು. “ಕಡೆಯಲ್ಲಿ ಬ್ರೇಕು ಒತ್ತುವಾಗ ಇದು ಉರುಳಿ ಪೆಡಲಿನ ಕೆಳಗೆ ಬಂದರೆ?” ಎಂದನು. ಎರಡು ದಿನ ಎಲ್ಲವನ್ನೂ ನೋಡಿದವನ ಮುಖ ಬಾಡಿತು. ಎಲ್ಲ ಡಿಕ್ಕಿಯಲ್ಲಿದೆಯೆಂದು ಅವನು ಭಾವಿಸಿದ್ದನು.

ಹಿಂಚಕ್ರಗಳು ನೆಲವನ್ನು ಚೆನ್ನಾಗಿ ಹಿಡಿಯಲೆಂದು ನಾಲ್ಕು ಪೌಂಡು ಗಾಳಿ ಇಳಿಸಿದನು. ಕಾರಿನ ತಂಪುಯಂತ್ರವನ್ನು ನಿಲ್ಲಿಸಿದನು, ಅದರ ನೀರು ಪಟ್ಟಿಯ ಮೇಲೆ ತೊಟ್ಟಿಕ್ಕಬಾರದು. ಟೈರು ಬಿಸಿಮಾಡಲೆಂದು ಬೇರೆಯವರು ಚಕ್ರ ತಿರುಗಿಸುವ ನೀರಿನ ಗುಂಡಿಯನ್ನು ಬಳಸಿಕೊಂಡು ಹೋದನು. ಬೀದಿ ಟೈರಿನ ಗೀರುಗಳಲ್ಲಿ ನೀರು ನಿಂತರೆ ಅದು ಆರಂಭದ ಗೆರೆಯವರೆಗೂ ಬರುತ್ತದೆ.

ದೀಪಸ್ತಂಭದಲ್ಲಿ ಮೂರು ಹಳದಿ ದೀಪಗಳು ಅರ್ಧ ಅರ್ಧ ಸೆಕೆಂಡಿಗೆ ಒಂದೊಂದಾಗಿ ಬೆಳಗಿ, ಹಸಿರು ಮೂಡಿತು. ಅವನು ನೋಡುತ್ತಲೇ ಇದ್ದನು. ಪಕ್ಕದ ಕಾರು ಹೊರಟುಹೋಯಿತು. ಕ್ಲಚ್ಚು ಬಿಟ್ಟಾಗ ಹಿಂಚಕ್ರಗಳು ಕಿರುಚಿ, ಹಿಡಿದು, ಕಾರು ಅವನ ಬೆನ್ನನ್ನು ಸೀಟಿಗೆ ಒತ್ತಿತು. ಮೂರನೆಯ ಗೇರಿಗೆ ಹಾಕುವಷ್ಟರಲ್ಲಿ ತಂದೆಯ ನೆನಪು ಬಂದಿತೋ ಇಲ್ಲವೋ, ಗೆರೆ ದಾಟಿತ್ತು.

ಕೈಗೆ ಬಂದ ಚೀಟಿಯಲ್ಲಿ 15.4 ಸೆಕೆಂಡು, ಗಂಟೆಗೆ 91 ಮೈಲಿ ಎಂದಿತ್ತು. ನೆರೆಯವನದು 15.6. ಆದರೂ ಮೊದಲು ಮುಟ್ಟಿದವನು ನೆರೆಯವನೇ. ಓಟದ ಗಡಿಯಾರ ನಡೆಯತೊಡಗುವುದು ಹಸಿರು ದೀಪಕ್ಕಲ್ಲ, ಚಕ್ರ ಗೆರೆ ಬಿಟ್ಟಾಗ. ಇವನು ದೀಪಕ್ಕೆ ಬೆರಗಾಗಿ ನಿಂತ ಅರ್ಧ ಸೆಕೆಂಡು ಕಾರಿನ ಲೆಕ್ಕಕ್ಕೆ ಸೇರಲಿಲ್ಲ. ಅದು ಅವನದೇ ಸಾಲ. ತಂದೆಯ ಕಾರು ಗೆದ್ದಿತ್ತು, ಮಗ ಸೋತಿದ್ದನು.

ಇನ್ನೂ ಎರಡು ಸಲ ಓಡಿಸಿ, ಟೈರುಗಳಿಗೆ ಮತ್ತೆ ಗಾಳಿ ತುಂಬಿ, ಮೆಲ್ಲನೆ ಊರಿಗೆ ಬಂದನು. ತಾಯಿ ದೀಪ ಹಚ್ಚಿಕೊಂಡು ಕಾದಿದ್ದಳು.

“ಎಷ್ಟು ಹೊತ್ತು ಓಡಿತು?”

“ಹದಿನೈದು ಸೆಕೆಂಡು, ಅಮ್ಮ.”

“ಅಷ್ಟಕ್ಕೆ ಎರಡು ದಿನ ಬೇಕಾಯಿತೆ?” ಎಂದವಳೇ, ಸ್ಟೆಪ್ನಿಯನ್ನು ಡಿಕ್ಕಿಗೆ ಎತ್ತಿಡಲು ಒಂದು ಕೈ ಕೊಟ್ಟಳು.