ಇಂಗ್ಲಿಷಿಗೂ ಒಂದು ಜನಿವಾರ

ದಕ್ಷಿಣ ಬೆಂಗಳೂರಿನಲ್ಲಿ ಇಂಗ್ಲಿಷು ಸೊಪ್ಪಿನ ಹಾಗೆ ಮಾರಾಟವಾಗುತ್ತದೆ. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಅದಕ್ಕೊಂದು ರೇಟು, ಬನಶಂಕರಿಯಲ್ಲಿ ಇನ್ನೊಂದು ರೇಟು, ಬಿಟಿಎಂ ಲೇಔಟಿನ ಪಿ.ಜಿ.ಗಳ ಸಂದಿಯಲ್ಲಿ ಮತ್ತೊಂದು. ಮೂವತ್ತು ದಿನಕ್ಕೆ ಮಾತು, ಮೂರು ತಿಂಗಳಿಗೆ ಐಇಎಲ್‌ಟಿಎಸ್, ಆರು ತಿಂಗಳಿಗೆ ಕೆನಡಾ. ಈಚೆಗೆ ಕರೆಂಟು ಕಂಬಗಳಿಗೆ ಹೊಸ ಚೀಟಿಯೊಂದು ಅಂಟಿಕೊಂಡಿದೆ: 'ಫಾರಿನ್‌ನಲ್ಲಿ ಇಂಗ್ಲಿಷ್ ಟೀಚರ್ ಕೆಲಸ. ಡಿಗ್ರಿ ಬೇಕಾಗಿಲ್ಲ. ಊಟ, ವಸತಿ ಫ್ರೀ.'

ಈ ಚೀಟಿಯನ್ನು ಯಾರು ನಿಂತು ಓದುತ್ತಾರೆ? ಅಪ್ಪ ಇಂಜಿನಿಯರು, ಅಮ್ಮ ಪ್ರೊಫೆಸರು ಆಗಿರುವ ಮನೆಯ ಮಕ್ಕಳು ಓದುವುದಿಲ್ಲ. ಅವರಿಗೆ ಫಾರಿನ್ನು ಅಂದರೆ ಚಿಕ್ಕಪ್ಪನ ಮನೆ. ನಿಂತು ಓದುವವರು ನಮ್ಮವರು. 'ಡಿಗ್ರಿ ಬೇಕಾಗಿಲ್ಲ' ಎಂಬ ಎರಡು ಮಾತು ಕಂಡ ಕೂಡಲೇ ಎದೆ ಹೊಡೆದುಕೊಳ್ಳುವವರು ನಮ್ಮವರು.

ನಾವು ಅಂದರೆ ನಾಲ್ಕೈದು ಜನ. ಮಳವಳ್ಳಿ, ಕನಕಪುರ, ಚಾಮರಾಜನಗರದ ಕಡೆಯ ಕೇರಿಗಳಿಂದ ಬಂದವರು. ನಮ್ಮ ಮನೆಗಳಲ್ಲಿ ಡಿಗ್ರಿಯ ಕಾಗದ ಮುಟ್ಟಿದ ಮೊದಲ ಕೈಗಳು ನಮ್ಮವು. ಕದಿರೇನಹಳ್ಳಿಯಲ್ಲಿ ಒಂದು ರೂಮು ಮಾಡಿಕೊಂಡಿದ್ದೇವೆ. ಪದ್ಯ ಬರೆಯುತ್ತೇವೆ. ಪದ್ಯ ಬಾಡಿಗೆ ಕಟ್ಟುವುದಿಲ್ಲವಾದ್ದರಿಂದ ಹಗಲು ಬೇರೆ ಬೇರೆ ಕೆಲಸ ಮಾಡುತ್ತೇವೆ. ಸಂಜೆ ಜೆ.ಪಿ. ನಗರದ ಸ್ಲಮ್ಮಿನ ಮಕ್ಕಳಿಗೆ ಮೆಟ್ಟಿಲ ಕೆಳಗೆ ಪಾಠ. ನಮಗೆ ಎಬಿಸಿಡಿ ಸಿಕ್ಕಿದ್ದು ಐದನೇ ಕ್ಲಾಸಿನಲ್ಲಿ. ಸರ್ಕಾರ ಒಂದನೇ ಕ್ಲಾಸಿನಿಂದ ಇಂಗ್ಲಿಷ್ ತಂದದ್ದು 2007ರಲ್ಲಿ. ಅಷ್ಟೊತ್ತಿಗೆ ನಾವು ಒಂದನೇ ಕ್ಲಾಸು ದಾಟಿ ಮುಂದೆ ಬಂದಾಗಿತ್ತು.

ನಮ್ಮ ಜೊತೆ ಪಾಠ ಹೇಳುವ ಒಬ್ಬಳು ಹುಡುಗಿ ಇದ್ದಾಳೆ. ನಮ್ಮೆಲ್ಲರಿಗಿಂತ ಒಳ್ಳೆಯ ಇಂಗ್ಲಿಷ್ ಅವಳದು. ಅವಳ ಅವ್ವ ಜಯನಗರದ ರಸ್ತೆ ಗುಡಿಸುವ ಪೌರಕಾರ್ಮಿಕಳು. ಮನೆಗಳವರು ಎಸೆದ ಇಂಗ್ಲಿಷ್ ಪೇಪರುಗಳನ್ನು ಆ ತಾಯಿ ಮಡಿಸಿ ತರುತ್ತಿದ್ದಳು. ಮಗಳು ಅದನ್ನು ಓದಿ ಓದಿ ಕಲಿತಳು. ಪಿಯುಸಿ ಪಾಸು. ಬಿ.ಕಾಂ. ಎರಡನೇ ವರ್ಷದಲ್ಲಿ ಅಪ್ಪ ತೀರಿಕೊಂಡ, ಕಾಲೇಜು ನಿಂತಿತು. ಈಗ ಬಟ್ಟೆ ಅಂಗಡಿಯ ಕ್ಯಾಶ್ ಕೌಂಟರಿನಲ್ಲಿ ಕೂರುತ್ತಾಳೆ. ಅವಳ ಪಾಠ ಕೇಳಿದ ಮೇಲೆ ಏಳನೇ ಕ್ಲಾಸಿನ ಹುಡುಗರು ನಮ್ಮ ಉಚ್ಚಾರ ತಿದ್ದುತ್ತಾರೆ.

ಆ ಹುಡುಗಿ ಒಂದು ದಿನ ಕಂಬದ ಚೀಟಿ ಕಿತ್ತು ತಂದಳು. 'ಅಣ್ಣ, ಕಾಂಬೋಡಿಯಾ ಅಂತೆ. ಬನ್ನಿ ಒಂದ್ಸಲ ಕೇಳ್ಕಂಡು ಬರಾಣ' ಅಂದಳು. ಹೋದೆವು. ಬಿಟಿಎಂನಲ್ಲಿ ಮೂರನೇ ಮಹಡಿ, ಎ.ಸಿ. ರೂಮು, ಗೋಡೆ ತುಂಬ ವಿಮಾನದ ಚಿತ್ರ.

'ಡಿಗ್ರಿ ಇಲ್ವಾ? ನೋ ಪ್ರಾಬ್ಲಮ್ಮು. ಒಂದು ಲಕ್ಷದ ನಲವತ್ತು ಸಾವಿರ. ಅರ್ಧ ಈಗ, ಅರ್ಧ ಟಿಕೆಟ್ ಆದ್ಮೇಲೆ.'

'ಯಾವ ವೀಸಾ ಸಾರ್?'

'ಮೊದ್ಲು ಟೂರಿಸ್ಟು. ಅಲ್ಲೋದ್ಮೇಲೆ ಚೇಂಜ್ ಮಾಡಿಸ್ಕೊಡ್ತೀವಿ.'

'ಸ್ಕೂಲಿನ ಹೆಸರು?'

'ಅದೆಲ್ಲ ಈಗ್ಲೇ ಹೇಳಕ್ಕಾಗಲ್ಲ.'

ಆಮೇಲೆ ಅವಳ ಮುಖವನ್ನು ಒಂದು ಗಳಿಗೆ ನೋಡಿದ. 'ಬೇಜಾರ್ ಮಾಡ್ಕೋಬೇಡಿ ಮೇಡಂ. ಅಲ್ಲಿ ಸ್ವಲ್ಪ ಬೆಳ್ಳಗಿರೋರ್ನ ಕೇಳ್ತಾರೆ. ಫೋಟೋ ಒಂಚೂರು ಬ್ರೈಟ್ ಮಾಡ್ಸಿ ಕೊಡಿ.'

ಅವಳು ಏನೂ ಅನ್ನಲಿಲ್ಲ. ಮೆಟ್ಟಿಲಿಳಿಯುವಾಗ ಮಾತ್ರ, 'ಇಂಗ್ಲಿಷ್‌ನಲ್ಲಿ ಒಂದು ಪ್ರಶ್ನೇನೂ ಕೇಳ್ಲಿಲ್ವಲ್ಲಣ್ಣ' ಅಂದಳು.

ಈ ಮಾತು ನಮ್ಮನ್ನು ನಿದ್ದೆ ಮಾಡಗೊಡಲಿಲ್ಲ. ಇಂಗ್ಲಿಷ್ ಕಲಿಸುವ ಕೆಲಸಕ್ಕೆ ಇಂಗ್ಲಿಷ್ ಬಿಟ್ಟು ಮಿಕ್ಕೆಲ್ಲ ಬೇಕು. ಹಾಗಾದರೆ ಬೇಕಾದ್ದು ಏನು? ಒಂದೊಂದೇ ದೇಶದ ಬಾಗಿಲ ಮೇಲೆ ಏನು ಬರೆದಿದೆ ಎಂದು ಓದುತ್ತಾ ಹೋದೆವು.

ದಕ್ಷಿಣ ಕೊರಿಯಾದ ಬಾಗಿಲ ಮೇಲೆ ಏಳು ದೇಶಗಳ ಹೆಸರಿದೆ: ಅಮೆರಿಕ, ಬ್ರಿಟನ್, ಐರ್ಲೆಂಡ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ. ಈ ಏಳರ ಪಾಸ್‌ಪೋರ್ಟು ಮತ್ತು ಒಂದು ಡಿಗ್ರಿ ಇದ್ದವರಿಗೆ ಅಲ್ಲಿ ಇಂಗ್ಲಿಷ್ ಕಲಿಸುವ ವೀಸಾ. ದಕ್ಷಿಣ ಆಫ್ರಿಕಾದಲ್ಲಿ ನೂರಕ್ಕೆ ಹತ್ತು ಜನರೂ ಮನೆಯೊಳಗೆ ಇಂಗ್ಲಿಷ್ ಆಡುವುದಿಲ್ಲ, ಆದರೂ ಅದು ಪಟ್ಟಿಯಲ್ಲಿದೆ. ಭಾರತ ಇಲ್ಲ. 2010ರಲ್ಲಿ ಜಾರಿಗೆ ಬಂದ ವ್ಯಾಪಾರ ಒಪ್ಪಂದದಲ್ಲಿ ಭಾರತದವರಿಗೂ ಒಂದು ಕಿಟಕಿ ತೆರೆದರು. ಆದರೆ ಅದಕ್ಕೆ ಡಿಗ್ರಿಯ ಜೊತೆಗೆ ಶಿಕ್ಷಕ ತರಬೇತಿಯ ಅರ್ಹತೆಯೂ ಬೇಕು. ಚೀನಾದಲ್ಲಿ ಭಾಷೆ ಕಲಿಸುವವರು ತಮ್ಮ ತಾಯ್ನುಡಿಯನ್ನೇ ಕಲಿಸಬೇಕು, ಡಿಗ್ರಿ ಇರಬೇಕು ಎಂಬುದು ನಿಯಮ. 2021ರಲ್ಲಿ ಆ ದೇಶ ಹೊರಗೆ ಕೂತು ಆನ್‌ಲೈನಿನಲ್ಲಿ ಮಕ್ಕಳಿಗೆ ಟ್ಯೂಷನ್ ಹೇಳುವವರ ದಾರಿಯನ್ನೂ ಮುಚ್ಚಿತು. ಥಾಯ್ಲೆಂಡಿನ ಶಾಲೆಗಳಲ್ಲಿ ಡಿಗ್ರಿ ಇಲ್ಲದವರಿಗೆ ಶಿಕ್ಷಕ ಪರವಾನಗಿ ದಕ್ಕುವುದಿಲ್ಲ. ಕಾಂಬೋಡಿಯಾದಲ್ಲಿ ಕೆಲವು ಖಾಸಗಿ ಭಾಷಾ ಶಾಲೆಗಳು ಡಿಗ್ರಿ ಇಲ್ಲದವರನ್ನೂ ತೆಗೆದುಕೊಂಡದ್ದು ನಿಜ. ಆದರೆ ಹಾಗೆ ತೆಗೆದುಕೊಂಡದ್ದು ಹೆಚ್ಚಾಗಿ ಯಾರನ್ನು? ಇಂಗ್ಲೆಂಡಿನ ಹದಿನೆಂಟು, ಇಪ್ಪತ್ತರ ಹುಡುಗ ಶಾಲೆ ಮುಗಿಸಿ, ಕಾಲೇಜಿಗೆ ಮೊದಲು ಒಂದು ವರ್ಷ ಲೋಕ ನೋಡಲು ಹೊರಟು ಬರುತ್ತಾನೆ. ದಾರಿಯಲ್ಲಿ ಎಲ್ಲಾದರೂ ನಿಂತು ಇಂಗ್ಲಿಷ್ ಕಲಿಸುತ್ತಾನೆ. ಅವನ ಕೈಯಲ್ಲೂ ಡಿಗ್ರಿ ಇಲ್ಲ. ಅವನ ಮುಖವೇ ಅವನ ಡಿಗ್ರಿ.

ನೇಟಿವ್ ಸ್ಪೀಕರ್ ಎಂದು ಇದಕ್ಕೆ ಹೆಸರು. ಹುಟ್ಟಿನಿಂದಲೇ ಇಂಗ್ಲಿಷಿನವರು ಎಂದು ಅರ್ಥ. ಗೆಳೆಯರೇ, ಈ ಮಾತನ್ನು ನಾವು ಮೊದಲೇ ಕೇಳಿಲ್ಲವೇ? ನಮ್ಮೂರ ಗುಡಿಯಲ್ಲಿ ಪೂಜೆ ಮಾಡುವುದಕ್ಕೆ ಮಂತ್ರ ಬಂದರೆ ಸಾಲದು, ಬಸಿರೂ ಸರಿಯಾಗಿರಬೇಕು. ಲೋಕದ ಇಂಗ್ಲಿಷ್ ಗುಡಿಯಲ್ಲೂ ಅದೇ ಕಟ್ಟಳೆ. ವ್ಯಾಕರಣ ಬಾಯಿಪಾಠ ಮಾಡಿದವನು ಹೊರಗೆ, ವ್ಯಾಕರಣ ಅಂದರೇನೆಂದು ಕೇಳದವನು ಗರ್ಭಗುಡಿಯಲ್ಲಿ. ಪಾಸ್‌ಪೋರ್ಟೇ ಜನಿವಾರ.

ಬ್ರಿಟನ್ನಿನ ಸರ್ಕಾರ ವೀಸಾ ಕೊಡುವಾಗ ಇಂಗ್ಲಿಷ್ ಆಡುವ ದೇಶಗಳ ಪಟ್ಟಿಯೊಂದನ್ನು ಇಟ್ಟುಕೊಂಡಿದೆ. ಜಮೈಕಾ ಇದೆ, ಗಯಾನಾ ಇದೆ. ಅವರು ಇಂಗ್ಲಿಷ್ ಬರುತ್ತದೆಂದು ಪರೀಕ್ಷೆ ಬರೆದು ತೋರಿಸಬೇಕಾಗಿಲ್ಲ. ಇನ್ನೂರು ವರ್ಷ ಆಳಿಸಿಕೊಂಡ ನಾವು ತೋರಿಸಬೇಕು. ಪರೀಕ್ಷೆಗೆ ಹದಿನೇಳು ಸಾವಿರಕ್ಕೂ ಮೇಲೆ ಫೀಜು. ಪಾಸಾದ ಅಂಕಪಟ್ಟಿಗೆ ಎರಡೇ ವರ್ಷ ಆಯಸ್ಸು. ಅಂದರೆ ಅವರ ಲೆಕ್ಕದಲ್ಲಿ ನಮ್ಮ ನಾಲಿಗೆಯ ಇಂಗ್ಲಿಷ್ ಎರಡು ವರ್ಷಕ್ಕೆ ಸತ್ತು ಹೋಗುತ್ತದೆ. ಅವರದು ಸಾಯುವುದಿಲ್ಲ, ಆತ್ಮದ ಹಾಗೆ.

ಇದನ್ನು ಹೇಳಿದರೆ ಜಯನಗರದ ಹಿರಿಯರೊಬ್ಬರು, 'ಕನ್ನಡದ ಕವಿಗಳಿಗೆ ಇಂಗ್ಲಿಷಿನ ಚಿಂತೆ ಯಾಕಪ್ಪ?' ಅಂದರು. ಯಾಕೆಂದು ಇತಿಹಾಸ ಹೇಳುತ್ತದೆ. 1973ರ ನವೆಂಬರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಎಂದರು, ಇಂಗ್ಲಿಷ್ ಕಲಿಯಿರಿ ಎಂದರು. ಊರಿಗೆ ಊರೇ ಹೊತ್ತಿಕೊಂಡಿತು. ನಮ್ಮ ಹುಡುಗರು ಪೆಟ್ಟು ತಿಂದರು. ಬಸವಲಿಂಗಪ್ಪನವರ ಮಂತ್ರಿಗಿರಿ ಹೋಯಿತು. ಅವರ ವಿರುದ್ಧ ಕೂಗಿದ ಎಷ್ಟು ಜನರ ಮಕ್ಕಳು ಕನ್ನಡ ಶಾಲೆಯಲ್ಲಿ ಓದಿದರು ಎಂದು ಯಾರೂ ಲೆಕ್ಕ ಇಟ್ಟಿಲ್ಲ. ಕನ್ನಡ ನಮ್ಮ ಅವ್ವನ ಬಾಯಿ. ಅದರಲ್ಲೇ ಅಳುತ್ತೇವೆ, ಬಯ್ಯುತ್ತೇವೆ, ಪದ್ಯ ಬರೆಯುತ್ತೇವೆ. ಇಂಗ್ಲಿಷು ನಮಗೆ ಬೇಕಾದ್ದು ಹಾರೆಯ ಹಾಗೆ, ಗೋಡೆ ಕೆಡವುವುದಕ್ಕೆ. ಉತ್ತರ ಪ್ರದೇಶದ ಬಂಕಾ ಎಂಬ ಹಳ್ಳಿಯಲ್ಲಿ 2010ರಲ್ಲಿ ನಮ್ಮವರೇ ಇಂಗ್ಲಿಷ್ ದೇವಿಗೆ ಗುಡಿ ಕಟ್ಟಲು ಹೊರಟರು. ಅವರ ಸಂಕಟ ನಮಗೆ ಅರ್ಥವಾಗುತ್ತದೆ. ಆದರೆ ನಮಗೆ ದೇವಿ ಬೇಡ. ದೇವಿ ಬಂದ ಹಿಂದೆಯೇ ಪೂಜಾರಿ ಬರುತ್ತಾನೆ.

ಪೂಜಾರಿ ಬಂದೂ ಆಗಿದೆ. ಬಿಟಿಎಂನ ಮೂರನೇ ಮಹಡಿಯಲ್ಲಿ ಕೂತಿದ್ದಾನೆ. ಅವನ ಬಗ್ಗೆ ನಮ್ಮ ಹುಡುಗರು ತಿಳಿಯಬೇಕಾದ ಕಾನೂನು ಹೀಗಿದೆ. 1983ರ ವಲಸೆ ಕಾಯಿದೆ ಪ್ರಕಾರ ಭಾರತದಿಂದ ಹೊರದೇಶದ ಕೆಲಸಕ್ಕೆ ಜನ ಕಳಿಸುವವನು ವಿದೇಶಾಂಗ ಇಲಾಖೆಯಲ್ಲಿ ನೋಂದಾಯಿಸಿಕೊಂಡು ಲೈಸೆನ್ಸ್ ಪಡೆದಿರಬೇಕು. ಕೆಲಸಕ್ಕೆ ಹೋಗುವವರಿಂದ ಅವನು ಸೇವಾಶುಲ್ಕವೆಂದು ಪಡೆಯಬಹುದಾದ ಗರಿಷ್ಠ ಮೊತ್ತವನ್ನು 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆ ಎಂದು ನಿಯಮ ಕಟ್ಟಿಹಾಕಿತು. ಲೈಸೆನ್ಸ್ ಇರುವವರ ಪಟ್ಟಿ ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ಸಿಗುತ್ತದೆ. ನಾವು ನೋಡಿದೆವು. ಆ ಮೂರನೇ ಮಹಡಿಯ ಹೆಸರು ಅದರಲ್ಲಿ ಇರಲಿಲ್ಲ.

ಟೂರಿಸ್ಟ್ ವೀಸಾದಲ್ಲಿ ಹೋಗಿ ಆಮೇಲೆ ಬದಲಾಯಿಸುವುದೆಂದರೆ ಏನೆಂದು ಲೋಕ ಕಂಡಿದೆ. ಕಾಂಬೋಡಿಯಾದಲ್ಲಿ ಸಿಕ್ಕಿಬಿದ್ದ ಸುಮಾರು 250 ಭಾರತೀಯರನ್ನು ಬಿಡಿಸಿ ಕರೆತಂದಿದ್ದೇವೆ ಎಂದು 2024ರ ಮಾರ್ಚಿನಲ್ಲಿ ವಿದೇಶಾಂಗ ಇಲಾಖೆ ಹೇಳಿತು. 2025ರ ಮಾರ್ಚಿನಲ್ಲಿ ಮ್ಯಾನ್ಮಾರಿನ ಗಡಿಯಿಂದ 549 ಜನರನ್ನು ವಾಯುಪಡೆಯ ವಿಮಾನಗಳಲ್ಲಿ ತಂದರು. ಕಂಪ್ಯೂಟರ್ ಕೆಲಸ, ಒಳ್ಳೆಯ ಸಂಬಳ ಎಂದು ಹೇಳಿಸಿಕೊಂಡು ಹೋದವರು ಅವರು. ಅಲ್ಲಿ ಪಾಸ್‌ಪೋರ್ಟ್ ಕಸಿದುಕೊಂಡು, ಬೇಲಿಯೊಳಗೆ ಕೂಡಿಹಾಕಿ, ಪರದೇಶದ ಜನಕ್ಕೆ ಮೋಸದ ಮೆಸೇಜು ಕಳಿಸುವ ಕೂಲಿಗೆ ಹಚ್ಚಿದರು. ಜೀತಕ್ಕೆ ಈಗ ಕಂಪ್ಯೂಟರೂ ಬಂದಿದೆ.

ಇದನ್ನೆಲ್ಲ ನಾವು ಅವಳ ಅವ್ವನ ಮುಂದೆ ಕೂತು ಹೇಳಿದೆವು. ಚೀಟಿ ಹಾಕಿ ಕೂಡಿಟ್ಟ ಎಪ್ಪತ್ತು ಸಾವಿರ ಆಕೆಯ ಬಳಿ ಇತ್ತು. ಆಕೆ ಬಹಳ ಹೊತ್ತು ಸುಮ್ಮನಿದ್ದು, 'ಅಲ್ಲ ಕನ್ರಪ್ಪ, ನನ್ ಮಗ್ಳು ಇಂಗ್ಲೀಸು ಮಾತಾಡುದ್ರೆ ನಮ್ ಮೇಸ್ತ್ರೀನೇ ಗಪ್‌ಚಿಪ್ ಆಯ್ತಾನೆ. ಇಷ್ಟ್ ಕಲ್ತಿದ್ರೂ ಸಾಲ್ದಾ?' ಎಂದು ಕೇಳಿದಳು. ನಮ್ಮ ಡಿಗ್ರಿಗಳೆಲ್ಲ ಸೇರಿದರೂ ಆ ಪ್ರಶ್ನೆಗೆ ಜವಾಬು ಹುಟ್ಟಲಿಲ್ಲ.

ಹಾಗಂತ ಡಿಗ್ರಿಯೇ ಮುಕ್ತಿ ಎಂದು ನಾವು ಸಾರುತ್ತಿಲ್ಲ. ಬಾಬಾಸಾಹೇಬರು 1913ರಲ್ಲಿ ಕೊಲಂಬಿಯಾಕ್ಕೆ ಹೋಗುವಾಗ ಕೈಯಲ್ಲಿ ಬಿ.ಎ. ಇತ್ತು, ಬರೋಡಾದ ವಿದ್ಯಾರ್ಥಿವೇತನ ಇತ್ತು. ಅಲ್ಲಿ ಓದಿ, ಲಂಡನ್ನಿಗೂ ಹೋಗಿ ಬಂದು, 1918ರಲ್ಲಿ ಮುಂಬೈನ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪ್ರೊಫೆಸರಾದರೆ, ಸಹೋದ್ಯೋಗಿಗಳು ಅವರು ತಮ್ಮ ನೀರಿನ ಪಾತ್ರೆ ಮುಟ್ಟಬಾರದೆಂದರು. ಕಾಗದ ಜಾತಿಯನ್ನು ತೊಳೆಯುವುದಿಲ್ಲ. ಆದರೆ ಕಾಗದವಿಲ್ಲದೆ ಆ ಪಾತ್ರೆಯ ತನಕವೂ ನಮ್ಮನ್ನು ಬಿಡುವುದಿಲ್ಲ. ಈ ಎರಡೂ ನಿಜ.

ಆದ್ದರಿಂದ ಇರುವ ದಾರಿಗಳನ್ನು ಹೇಳುತ್ತೇವೆ, ಕೇಳಿ. ಕೇಂಬ್ರಿಜ್‌ನವರು ಕೊಡುವ ಸೆಲ್ಟಾ ಎಂಬ ಇಂಗ್ಲಿಷ್ ಶಿಕ್ಷಕ ತರಬೇತಿಗೆ ಡಿಗ್ರಿಯೇ ಬೇಕೆಂದಿಲ್ಲ. ಕಾಲೇಜು ಸೇರುವಷ್ಟು ಓದಿದ್ದರೆ ಅರ್ಜಿ ಹಾಕಬಹುದು. ನೂರಿಪ್ಪತ್ತು ಗಂಟೆ ತರಬೇತಿ, ಅದರಲ್ಲಿ ಆರು ಗಂಟೆ ನಿಜವಾದ ವಿದ್ಯಾರ್ಥಿಗಳ ಮುಂದೆ ನಿಂತು ಪಾಠ ಹೇಳಬೇಕು. ಆದರೆ ಅದು ಕೆಲಸ ಕಲಿಸುತ್ತದೆ, ವೀಸಾ ಕೊಡಿಸುವುದಿಲ್ಲ. ನಮ್ಮದೇ ರಾಜ್ಯದಲ್ಲಿ ಪಿಯುಸಿ ಮೇಲೆ ಎರಡು ವರ್ಷದ ಡಿ.ಎಲ್.ಎಡ್. ಮಾಡಿ, ಟಿಇಟಿ ಪಾಸಾದವರು ಡಿಗ್ರಿ ಇಲ್ಲದೆಯೇ ಚಿಕ್ಕ ಮಕ್ಕಳಿಗೆ ಮೇಷ್ಟರಾಗಲು ಅರ್ಹರು. ಡಿಗ್ರಿಯೇ ಬೇಕೆಂದರೆ 1985ರಲ್ಲಿ ಹುಟ್ಟಿದ ಇಗ್ನೋ ಇದೆ. ಅದರ ಬೆಂಗಳೂರು ಕೇಂದ್ರ ಬಹುಕಾಲ ನಡೆದದ್ದು ಇದೇ ಜಯನಗರದ ಎಂಟನೇ ಬ್ಲಾಕಿನಲ್ಲಿ. 1996ರಲ್ಲಿ ಶುರುವಾದ ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯ ಇದೆ. ನಡುವೆ ಕೆಲವು ವರ್ಷ ಅದರ ಮಾನ್ಯತೆ ತಪ್ಪಿ, 2018ರಲ್ಲಿ ಮರಳಿ ಬಂತು. ಆ ನಡುವೆ ಓದಿದ ಬಡವರ ಮಕ್ಕಳು ಅನುಭವಿಸಿದ್ದನ್ನು ಮರೆಯಬಾರದು. ಎಲ್ಲೇ ಸೇರಿದರೂ ಆ ಕೋರ್ಸಿಗೆ ಆ ವರ್ಷ ಯುಜಿಸಿ ಒಪ್ಪಿಗೆ ಇದೆಯೇ ಎಂದು ಮೊದಲು ನೋಡಿ. ರಾಜ್ಯದ ಕೌಶಲ್ಯಾಭಿವೃದ್ಧಿ ನಿಗಮದ ಕೈಕೆಳಗೆ ಅಂತರರಾಷ್ಟ್ರೀಯ ವಲಸೆ ಕೇಂದ್ರ ಎಂಬುದನ್ನು ಮಾಡಿದ್ದಾರೆ. ಆದರೆ ಅದರ ಚೀಟಿ ನಮ್ಮ ಸ್ಲಮ್ಮಿನ ಯಾವ ಕಂಬದ ಮೇಲೂ ಇಲ್ಲ. ಮೋಸಗಾರನಿಗೆ ನಮ್ಮ ಕೇರಿಯ ದಾರಿ ಗೊತ್ತು, ಸರ್ಕಾರಕ್ಕೆ ಗೊತ್ತಿಲ್ಲ.

ಆ ಹುಡುಗಿ ದೂರಶಿಕ್ಷಣದ ಬಿ.ಎ.ಗೆ ಹೆಸರು ಕೊಟ್ಟಿದ್ದಾಳೆ. ಚೀಟಿ ದುಡ್ಡಿನಲ್ಲಿ ಫೀಜು ಕಳೆದು ಉಳಿದದ್ದು ಅವ್ವನ ಹತ್ತಿರವೇ ಇದೆ. 'ಮೂರು ವರ್ಷ ಆದ್ಮೇಲೂ ಹೋಗ್ಬೇಕು ಅನ್ಸಿದ್ರೆ ಹೋಯ್ತೀನಿ. ಫೋಟೋ ಮಾತ್ರ ಹಿಂಗೇ ಇರುತ್ತೆ' ಅನ್ನುತ್ತಾಳೆ.

ಇರಲಿ. ಅವಳ ಬಣ್ಣ ಬದಲಾಗಬೇಕಾಗಿಲ್ಲ, ಆ ಪಟ್ಟಿ ಬದಲಾಗಬೇಕು. ಏಳು ದೇಶಗಳ ಪಟ್ಟಿಯಾಗಲಿ, ನಮ್ಮೂರ ಗುಡಿಯ ಪಟ್ಟಿಯಾಗಲಿ, ಹುಟ್ಟನ್ನು ನೋಡಿ ವಿದ್ಯೆ ಅಳೆಯುವ ಪಟ್ಟಿಗಳನ್ನು ಬರೆದವರು ಮನುಷ್ಯರೇ. ಮನುಷ್ಯರು ಬರೆದದ್ದನ್ನು ಮನುಷ್ಯರು ಹೊಡೆದು ಹಾಕಬಹುದು. ಅಲ್ಲಿಯವರೆಗೆ ಕಂಬದ ಚೀಟಿ ಕಂಡವರು ಮೂರು ಮಾತು ಕೇಳಿ: ಲೈಸೆನ್ಸ್ ನಂಬರ್ ಯಾವುದು, ಶಾಲೆಯ ಹೆಸರೇನು, ವೀಸಾ ಕೆಲಸದ್ದೋ ಟೂರಿಸ್ಟಿನದೋ. ಮೂರಕ್ಕೂ ಜವಾಬು ಬಾರದಿದ್ದರೆ ಎದ್ದು ಬನ್ನಿ. ಹಾಗೆ ಬಂದವರು ಚೀಟಿ ಕಿತ್ತು ಹಾಕಿ. ಕಿತ್ತ ಜಾಗದಲ್ಲಿ ಈ ಮೂರು ಪ್ರಶ್ನೆ ಬರೆದು ಅಂಟಿಸಿ. ಕನ್ನಡದಲ್ಲಿ ಬರೆಯಿರಿ, ದಪ್ಪ ಅಕ್ಷರದಲ್ಲಿ.